ವಲಸೆ ಮಕ್ಕಳ ಬಿಡುಗಡೆಯ ಹಕ್ಕು: ಫ್ಲೋರೆಸ್ ಮೊಕದ್ದಮೆಯ ಹಿನ್ನೆಲೆ

ಎಲ್ ಸಾಲ್ವಡಾರ್ ಮತ್ತು ಗ್ವಾಟೆಮಾಲಾಗಳ ಅಂತರ್ಯುದ್ಧದಿಂದ ಪಾರಾಗಿ 1980ರ ದಶಕದಲ್ಲಿ ಅಮೆರಿಕವನ್ನು ಪ್ರವೇಶಿಸಿದವರಲ್ಲಿ, ಅಲ್ಲಿ ಮೊದಲೇ ನೆಲೆಸಿ ದುಡಿಯುತ್ತಿದ್ದ ತಾಯಿಯನ್ನೋ ಅಣ್ಣನನ್ನೋ ಅರಸಿಕೊಂಡು ಒಂಟಿಯಾಗಿ ಬಂದ ಮಕ್ಕಳೂ ಇದ್ದರು. ಹೀಗೆ ಬಂದು ಸಿಕ್ಕಿಬಿದ್ದ ಮಕ್ಕಳನ್ನು, ಅಪರೂಪದ ಸಂದರ್ಭಗಳ ಹೊರತು, ತಂದೆತಾಯಿಗೆ ಅಥವಾ ಕಾನೂನುಬದ್ಧ ಪೋಷಕರಿಗೆ ಮಾತ್ರ ಒಪ್ಪಿಸತಕ್ಕದ್ದೆಂದು ವಲಸೆ ಇಲಾಖೆಯ ಪಶ್ಚಿಮ ವಲಯವು 1984ರಲ್ಲಿ ನಿಯಮ ಮಾಡಿತು. ಮೇಲ್ನೋಟಕ್ಕೆ ಮಕ್ಕಳ ಸುರಕ್ಷತೆಗೆಂದೇ ಮಾಡಿದಂತೆ ಕಾಣುವ ಈ ನಿಯಮವು, ಪರವಾನಗಿಯಿಲ್ಲದೆ ನೆಲೆಸಿದ್ದ ತಂದೆತಾಯಿಯರ ಪಾಲಿಗೆ ಬಲೆಯಾಯಿತು. ಮಗುವನ್ನು ಬಿಡಿಸಿಕೊಳ್ಳಲು ಹೋದರೆ ತಾವೇ ಬಂಧನಕ್ಕೊಳಗಾಗುವ ಭಯದಿಂದ ಅವರು ಹಿಂಜರಿದಷ್ಟೂ ಮಕ್ಕಳ ಸೆರೆವಾಸ ಬೆಳೆಯುತ್ತಿತ್ತು.

ಇದನ್ನು ಪ್ರಶ್ನಿಸಿ ಪೀಟರ್ ಶೇ ಮತ್ತು ಕಾರ್ಲೋಸ್ ಹೋಲ್ಗಿನ್ ಎಂಬ ವಕೀಲರು 1985ರಲ್ಲಿ ಲಾಸ್ ಏಂಜಲೀಸಿನ ಫೆಡರಲ್ ನ್ಯಾಯಾಲಯದಲ್ಲಿ ಹೂಡಿದ ದಾವೆಯೇ ಫ್ಲೋರೆಸ್ ಮೊಕದ್ದಮೆ. ಇದು ಸಮೂಹ ದಾವೆ, ಎಂದರೆ ಕೆಲವರ ಹೆಸರಿನಲ್ಲಿ ನಡೆದರೂ ಅದೇ ಸ್ಥಿತಿಯಲ್ಲಿರುವ ಎಲ್ಲರಿಗೂ ಅನ್ವಯಿಸುವ ಬಗೆಯದು. ಮಕ್ಕಳನ್ನು ಪರಿಚಯವಿಲ್ಲದ ವಯಸ್ಕರೊಡನೆ ಕೂಡಿಹಾಕುವುದು, ಬಟ್ಟೆ ಬಿಚ್ಚಿಸಿ ಶೋಧಿಸುವುದು, ಪಾಠವಿಲ್ಲದೆ ಇರಿಸುವುದು ಮೊದಲಾದ ಆಕ್ಷೇಪಗಳೂ ಅದರಲ್ಲಿದ್ದವು. ದಾವೆ ನಡೆಯುತ್ತಿರುವಾಗಲೇ, 1988ರಲ್ಲಿ, ಅಜ್ಜ-ಅಜ್ಜಿ, ಒಡಹುಟ್ಟಿದವರು, ಚಿಕ್ಕಮ್ಮ, ಸೋದರಮಾವ ಮುಂತಾದ ಹತ್ತಿರದ ಬಂಧುಗಳಿಗೂ ಮಗುವನ್ನು ಒಪ್ಪಿಸಲು ಸರ್ಕಾರ ಸಮ್ಮತಿಸಿತು. ಬಂಧುಗಳಲ್ಲದ ಹೊಣೆಗಾರರ ಪ್ರಶ್ನೆ ಸುಪ್ರೀಂ ಕೋರ್ಟನ್ನು ಮುಟ್ಟಿದಾಗ, 1993ರಲ್ಲಿ 7-2 ಬಹುಮತದ ತೀರ್ಪು ಮಕ್ಕಳಿಗೆ ವಿರುದ್ಧವಾಗಿಯೇ ಬಂದಿತು. ಸೋತ ಮೇಲೂ ವಕೀಲರು ಪಟ್ಟು ಸಡಿಲಿಸದ ಕಾರಣ 1997ರಲ್ಲಿ ಉಭಯ ಪಕ್ಷಗಳ ನಡುವೆ ಒಪ್ಪಂದವಾಯಿತು: ಅನಗತ್ಯ ವಿಳಂಬವಿಲ್ಲದ ಬಿಡುಗಡೆ, ಯಾರಿಗೆ ಮೊದಲು ಒಪ್ಪಿಸಬೇಕೆಂಬ ಕ್ರಮ, ಆದಷ್ಟು ಕಡಿಮೆ ನಿರ್ಬಂಧದ ವಸತಿ. ತೀರ್ಪು ಕೊಡದಿದ್ದುದನ್ನು ಛಲದ ವಕಾಲತ್ತು ದೊರಕಿಸಿತೆಂಬುದೇ ಈ ಇತಿಹಾಸದ ತಿರುಳು.

ಮುಂದೆ 2002ರ ಕಾನೂನು ಒಂಟಿ ಮಕ್ಕಳ ಪಾಲನೆಯನ್ನು ವಲಸೆ ಅಧಿಕಾರಿಗಳಿಂದ ನಿರಾಶ್ರಿತರ ಪುನರ್ವಸತಿ ಕಚೇರಿಗೆ ವರ್ಗಾಯಿಸಿದರೆ, 2008ರ ಕಾನೂನು ಸಾಧ್ಯವಾದ ಮಟ್ಟಿಗೆ ಅವರಿಗೆ ವಕೀಲರ ನೆರವು ಒದಗಬೇಕೆಂದಿತು. ಗಡಿಯಲ್ಲಿ ಸರ್ಕಾರವೇ ಮಕ್ಕಳನ್ನು ತಂದೆತಾಯಿಯರಿಂದ ಬೇರ್ಪಡಿಸಿದ 2018ರಲ್ಲಿ, ಐದು ವರ್ಷದೊಳಗಿನವರನ್ನು 14 ದಿನಗಳಲ್ಲಿ, ಉಳಿದವರನ್ನು 30 ದಿನಗಳಲ್ಲಿ ಮತ್ತೆ ಕೂಡಿಸಬೇಕೆಂದು ಸ್ಯಾನ್ ಡಿಯಾಗೋದ ನ್ಯಾಯಾಧೀಶ ಡಾನಾ ಸಬ್ರಾ ಆದೇಶಿಸಿದ್ದೂ ವಕೀಲರು ನಡೆಸಿದ ಇಂಥದೇ ಸಮೂಹ ದಾವೆಯಲ್ಲಿ.

ಆದರೂ ಮೂಲ ಕೊರತೆ ನೀಗಿಲ್ಲ. ಅಪರಾಧದ ಆರೋಪ ಹೊತ್ತ ಬಾಲಕನಿಗೆ, ಮನೆಯವರಿಗೆ ಶಕ್ತಿಯಿಲ್ಲದಿದ್ದರೆ ಸರ್ಕಾರದ ಖರ್ಚಿನಲ್ಲೇ ವಕೀಲನನ್ನು ಕೊಡತಕ್ಕದ್ದೆಂದು ಅಮೆರಿಕದ ಸುಪ್ರೀಂ ಕೋರ್ಟ್ 1967ರಲ್ಲೇ ಹೇಳಿದೆ. ಗಡೀಪಾರಿನ ವಿಚಾರಣೆಯು ಸಿವಿಲ್ ಸ್ವರೂಪದ್ದೆಂಬ ಕಾರಣಕ್ಕೆ ವಲಸೆ ಮಗುವಿಗೆ ಆ ಹಕ್ಕಿಲ್ಲ. ಓದು ಬಾರದ ವಯಸ್ಸಿನ ಮಗುವೂ ಸರ್ಕಾರಿ ವಕೀಲನೆದುರು ಒಂಟಿಯಾಗಿ ನಿಲ್ಲಬೇಕಾಗಿ ಬರುವ ಈ ವ್ಯವಸ್ಥೆಯನ್ನು ನ್ಯಾಯವೆಂದು ಒಪ್ಪಲಾಗದು.