ಹಾರ್ಡ್ ಡಿಸ್ಕಿನ ಬೆನ್ನ ಮೇಲಿನ ಬೋರ್ಡು

“ಬರೀ ಬೋರ್ಡ್ ಹೋಗೈತ್ರಿ ಸರ, ಬ್ಯಾರೇದು ಹಾಕಿ ಕೊಡ್ರಿ.” ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾ ಸೀಮೆಯಲ್ಲಿ ಹಾರ್ಡ್ ಡಿಸ್ಕ್ ಕೆಟ್ಟವರು ರಿಪೇರಿ ಅಂಗಡಿಗೆ ಬಂದು ಹೇಳುವ ಮಾತು ಹೆಚ್ಚುಕಡಿಮೆ ಇದೇ. ಒಂದು ಕಾಲಕ್ಕೆ ಈ ಮಾತು ಪೂರ್ತಿ ನಿಜವಾಗಿತ್ತು. ಈಗ ಅರ್ಧ ನಿಜ. ಉಳಿದರ್ಧ ಎಲ್ಲಿ ಹೋಯಿತೆಂದು ತಿಳಿಯದೆ ಎಷ್ಟೋ ಮದುವೆಯ ಫೋಟೋಗಳು, ಎಷ್ಟೋ ರೈಸ್ ಮಿಲ್ಲಿನ ಟ್ಯಾಲಿ ಲೆಕ್ಕಗಳು ಕೈತಪ್ಪುತ್ತವೆ.

1956ರಲ್ಲಿ ಐಬಿಎಂ ಹೊರತಂದ ಮೊದಲ ಡಿಸ್ಕು ಬೀರುವಿನಷ್ಟು ದೊಡ್ಡದು. 50 ತಟ್ಟೆಗಳ ಮೇಲೆ ಸುಮಾರು 50 ಲಕ್ಷ ಅಕ್ಷರ. 1980ರ ಸೀಗೇಟ್ ಎಸ್‌ಟಿ-506 ಅಷ್ಟನ್ನೇ, ಅಂದರೆ 5 ಎಂಬಿಯನ್ನು, ಮೇಜಿನ ಕಂಪ್ಯೂಟರಿನೊಳಗೆ ತಂದಿತು. ಆಗ ಡಿಸ್ಕಿನ ಬುದ್ಧಿಯೆಲ್ಲ ಕಂಪ್ಯೂಟರಿನೊಳಗಿನ ಬೇರೊಂದು ಕಾರ್ಡಿನಲ್ಲಿತ್ತು. 1986ರ ಸುಮಾರಿಗೆ ಐಡಿಇ ಬಂದು ಆ ಬುದ್ಧಿ ಡಿಸ್ಕಿನ ಬೆನ್ನ ಮೇಲಿನ ಹಸಿರು ಬೋರ್ಡಿಗೆ ಇಳಿಯಿತು.

ಕೊಪ್ಪಳ ಜಿಲ್ಲೆಯಾದದ್ದು 1997ರಲ್ಲಿ. ಅದರ ಹಿಂದೆಮುಂದೆಯೇ ಡಿಟಿಪಿ ಅಂಗಡಿಗಳು ಬಂದವು. 2000ದ ನಂತರ ಭೂಮಿ ಯೋಜನೆಯಿಂದ ತಾಲ್ಲೂಕು ಕಚೇರಿಯ ಕೈಬರಹದ ಪಹಣಿಯೂ ಕಂಪ್ಯೂಟರಿಗೆ ಏರಿತು. ಆ ಕಾಲದ ಡಿಸ್ಕುಗಳಲ್ಲಿ ಹಲವಕ್ಕೆ ಅದೇ ಮಾದರಿಯ ಇನ್ನೊಂದು ಬೋರ್ಡು ಸಿಕ್ಕರೆ ಸಾಕು, ನಾಲ್ಕಾರು ಸ್ಟಾರ್ ಸ್ಕ್ರೂ ಬಿಚ್ಚಿ ಕೂರಿಸಿದರೆ ಆಯಿತು. ತಟ್ಟೆಗಳಿರುವ ಧೂಳಿಲ್ಲದ ಕೋಣೆಯನ್ನು ತೆರೆಯಬೇಕಾಗಿರಲಿಲ್ಲ. ಹಾಗಾಗಿ ಈ ಕೆಲಸಕ್ಕೆ ದೊಡ್ಡ ಊರು ಬೇಕಿರಲಿಲ್ಲ, ಒಂದು ಮೇಜು ಸಾಕಿತ್ತು. 2001-02ರ ಹೊತ್ತಿಗೆ ಫುಜಿತ್ಸು ಕಂಪನಿಯ ಎಂಪಿಜಿ ಸರಣಿಯ ಡಿಸ್ಕುಗಳು ಜಗತ್ತಿನಾದ್ಯಂತ ಕೆಟ್ಟು ನಿಂತವು. ಬೋರ್ಡಿನ ಒಂದು ಚಿಪ್ಪಿನ ಹೊದಿಕೆಗೆ ಬಳಸಿದ ರಾಸಾಯನಿಕದಿಂದ ತೇವಕ್ಕೆ ಒಳಗೇ ಶಾರ್ಟ್ ಆಗುತ್ತಿತ್ತು. ತಟ್ಟೆಗಳೂ ಅವುಗಳ ಮೇಲಿನ ಬರಹವೂ ಕೆಟ್ಟಿರಲಿಲ್ಲ. ಬೋರ್ಡು ಬದಲಾವಣೆ ಎಂಬ ವಿದ್ಯೆಗೆ ಅಂಥ ಪರೀಕ್ಷೆ ಮತ್ತೆ ಬಂದಿಲ್ಲ.

ವಿದ್ಯೆ ಬದಲಾದದ್ದು ಸಾಂದ್ರತೆಯಿಂದ. 2007ರಲ್ಲಿ ಹಿಟಾಚಿ ಮೊದಲ 1 ಟಿಬಿ ಡಿಸ್ಕು ಮಾರಿತು. 1980ರ 5 ಎಂಬಿಗೆ ಹೋಲಿಸಿದರೆ ಎರಡು ಲಕ್ಷ ಪಟ್ಟು. ಬರಹ ಇಷ್ಟು ಸಣ್ಣದಾದಾಗ ಅದನ್ನು ಓದುವ ಒಂದು ಹೆಡ್ಡಿನಂತೆ ಇನ್ನೊಂದು ಹೆಡ್ಡು ಇರುವುದಿಲ್ಲ. ಆದ್ದರಿಂದ ಕಾರ್ಖಾನೆಯಲ್ಲಿ ಪ್ರತಿ ಡಿಸ್ಕನ್ನೂ ಅಳೆದು, ಅದಕ್ಕೇ ಒಗ್ಗುವ ಅಂಕಿಗಳನ್ನು ಬರೆದಿಡುತ್ತಾರೆ. ಹೆಚ್ಚಿನ ಅಂಕಿಗಳು ತಟ್ಟೆಯ ಮೇಲೆ, ನಮಗೆ ಕಾಣದ ಸರ್ವಿಸ್ ಏರಿಯಾದಲ್ಲಿ ಇರುತ್ತವೆ. ಆದರೆ ಆ ಜಾಗವನ್ನು ಓದುವುದಕ್ಕೇ ಹೆಡ್ಡಿನ ಗುಣ ಮೊದಲು ಗೊತ್ತಿರಬೇಕಲ್ಲ! ಆ ಮೊದಲ ಅಂಕಿಗಳು ಬೋರ್ಡಿನ ಮೇಲಿನ ಎಂಟು ಕಾಲಿನ, ಕರೆಂಟು ಹೋದರೂ ಮರೆಯದ ಪುಟ್ಟ ರೋಮ್ ಚಿಪ್ಪಿನಲ್ಲಿವೆ. ಬೇರೆ ಬೋರ್ಡು ಹಾಕಿದರೆ ಇನ್ಯಾರದೋ ಕನ್ನಡಕ ಹಾಕಿಕೊಂಡಂತೆ. ಮೋಟಾರು ತಿರುಗುತ್ತದೆ, ಹೆಡ್ಡು ಟಕ್ ಟಕ್ ಎಂದು ತಡಕಾಡುತ್ತದೆ, ಕಂಪ್ಯೂಟರಿಗೆ ಡಿಸ್ಕು ಕಾಣುವುದೇ ಇಲ್ಲ.

ಹಾಗಾಗಿ ಇಂದಿನ ಕೆಲಸ ಹೀಗೆ. ವೆಸ್ಟರ್ನ್ ಡಿಜಿಟಲ್ ಬೋರ್ಡಾದರೆ 2060ರಿಂದ ಶುರುವಾಗುವ ಸಂಖ್ಯೆ ಹೊಂದುವ ಬೋರ್ಡು ಹುಡುಕಬೇಕು. ಹಳೆಯ ಬೋರ್ಡಿನಲ್ಲಿ ಯು12 ಎಂಬ ಗುರುತಿನ ಬಳಿ ಇರುವ ಚಿಪ್ಪನ್ನು ಹಾಟ್ ಏರ್‌ನಿಂದ ಎತ್ತಿ ಹೊಸದಕ್ಕೆ ಕೂರಿಸಬೇಕು. ಆ ಜಾಗ ಖಾಲಿ ಇದ್ದರೆ ಅಂಕಿಗಳು ದೊಡ್ಡ ಚಿಪ್ಪಿನೊಳಗಿವೆ ಎಂದರ್ಥ, ಅದು ಕಷ್ಟದ ದಾರಿ. ಅಂಥವಕ್ಕೆ ರಷ್ಯಾದ ಏಸ್ ಲ್ಯಾಬ್ ರೂಪಿಸಿದ ಪಿಸಿ-3000ದಂಥ ದುಬಾರಿ ಸಾಧನವಿರುವ ಲ್ಯಾಬೇ ಬೇಕು. ಆದರೆ ಎಂಟು ಕಾಲಿನ ಚಿಪ್ಪಿನ ಕೆಲಸ ಹಾಗಲ್ಲ. ಲ್ಯಾಪ್‌ಟಾಪಿನ ಬಯಾಸ್ ಚಿಪ್ಪು ಕೂಡ ಇದೇ ಜಾತಿಯದು. ಅದನ್ನು ಬದಲಿಸಬಲ್ಲ ಕೈ ಇದನ್ನೂ ಬದಲಿಸಬಲ್ಲದು. ಕೆಲವು ನೂರು ರೂಪಾಯಿಯ ಪ್ರೋಗ್ರಾಮರ್ ಇದ್ದರೆ ಚಿಪ್ಪಿನಲ್ಲಿರುವುದನ್ನು ಮೊದಲೇ ನಕಲು ಮಾಡಿಟ್ಟುಕೊಳ್ಳಬಹುದು. ನಮ್ಮ ತಾಲ್ಲೂಕು ಊರುಗಳ ಮೆಕ್ಯಾನಿಕ್ ಹುಡುಗರ ಮೇಲೆ ನನಗೆ ನಂಬಿಕೆ ಇರುವುದು ಇದೇ ಕಾರಣಕ್ಕೆ.

ಎಷ್ಟೋ ಸಲ ಬೋರ್ಡು ಬದಲಿಸುವುದೂ ಬೇಡ. ಕರೆಂಟು ಹೋಗಿ ಬರುವಾಗಿನ ಏಟು, ಅಗ್ಗದ ಎಸ್‌ಎಂಪಿಎಸ್, 12 ವೋಲ್ಟಿನ ಎಕ್ಸ್‌ಟರ್ನಲ್ ಡಿಸ್ಕಿಗೆ 19 ವೋಲ್ಟಿನ ಲ್ಯಾಪ್‌ಟಾಪ್ ಚಾರ್ಜರು ಚುಚ್ಚುವುದು, ಇವೆಲ್ಲ ಬೋರ್ಡಿನ ಶತ್ರುಗಳು. ಅವನ್ನು ತಡೆಯಲೆಂದೇ 5 ಮತ್ತು 12 ವೋಲ್ಟಿನ ದಾರಿಯಲ್ಲಿ ಒಂದೊಂದು ಟಿವಿಎಸ್ ಡಯೋಡು ಕಾವಲಿದೆ. ಏಟು ಬಿದ್ದಾಗ ಅದು ತಾನು ಶಾರ್ಟ್ ಆಗಿ ಉಳಿದದ್ದನ್ನು ಕಾಯುತ್ತದೆ. ಮಲ್ಟಿಮೀಟರು ಅಲ್ಲಿ ಬೀಪ್ ಎಂದರೆ ಸತ್ತ ಡಯೋಡನ್ನು ತೆಗೆದು, ಖಾತ್ರಿಯ ಸಪ್ಲೈ ಕೊಟ್ಟು, ಡೇಟಾ ಇಳಿಸಿಕೊಂಡುಬಿಡಬೇಕು. ಕಾವಲಿಲ್ಲದ ಆ ಡಿಸ್ಕನ್ನು ಮತ್ತೆ ಬಳಕೆಗೆ ಹಚ್ಚಬಾರದು. ಇನ್ನು ಕೆಲವದರಲ್ಲಿ ಹೆಡ್ಡಿಗೆ ತಾಗುವ ಬಿಂದುಗಳು ಕಪ್ಪಾಗಿರುತ್ತವೆ. ಪೆನ್ಸಿಲ್ ರಬ್ಬರಿನಿಂದ ಮೆಲ್ಲಗೆ ಉಜ್ಜಿದರೆ ಜೀವ ಬರುವುದುಂಟು.

ಯುಎಸ್‌ಬಿ ಸಾಕೆಟ್ಟನ್ನು ಬೋರ್ಡಿಗೇ ಬೆಸೆದ ಕೆಲವು ಪೋರ್ಟಬಲ್ ಡಿಸ್ಕುಗಳು ಬರಹವನ್ನು ಗೂಢಲಿಪಿಯಲ್ಲಿಡುತ್ತವೆ. ಅಲ್ಲಿ ಬೋರ್ಡಿನ ಹಂಗು ಇನ್ನೂ ಹೆಚ್ಚು. ಎಸ್‌ಎಸ್‌ಡಿಯಲ್ಲಂತೂ ತಟ್ಟೆಯೇ ಇಲ್ಲ, ಬರಹವೇ ಬೋರ್ಡಿನ ಮೇಲಿದೆ. ಬೋರ್ಡು ಬದಲಿಸಿದರೆ ಬರಹವೂ ಅದರೊಂದಿಗೇ ಹೋಯಿತು.

ಆದರೂ ಫೋಟೋ ಸ್ಟುಡಿಯೋಗಳ ಕಪಾಟಿನಲ್ಲಿ ಹತ್ತು ಹದಿನೈದು ವರ್ಷದ ಹಾರ್ಡ್ ಡಿಸ್ಕುಗಳು ಇನ್ನೂ ಸಾಲಾಗಿ ಕೂತಿವೆ. ಅವುಗಳಲ್ಲೊಂದು ಸುಟ್ಟ ವಾಸನೆ ಹೊಡೆದರೆ ಮತ್ತೆ ಮತ್ತೆ ಕರೆಂಟು ಕೊಟ್ಟು ನೋಡಬೇಡಿ. ಯಾರೋ ಆಗಲೇ ಬೋರ್ಡು ಬಿಚ್ಚಿದ್ದರೆ, ಆ ಸುಟ್ಟ ಬೋರ್ಡನ್ನು ಕಸಕ್ಕೆ ಹಾಕದೆ ಡಿಸ್ಕಿನ ಜೊತೆಗೇ ಚೀಲದಲ್ಲಿಟ್ಟು ತನ್ನಿ.