ಬಂದರಿನ ರೈಲು ಅಂಗಳಗಳ ವಿನ್ಯಾಸದಲ್ಲಿ ಸಿಮ್ಯುಲೇಶನ್

ಕಂಟೇನರ್ ಬಂದರುಗಳಲ್ಲಿ ರೈಲಿಗೆ ಸರಕು ಏರಿಸಿ ಇಳಿಸುವ ಅಂಗಳವನ್ನು, ಕಟ್ಟುವ ಮೊದಲೇ ಕಂಪ್ಯೂಟರಿನಲ್ಲಿ ನಡೆಸಿ ನೋಡುವ ವಿಧಾನವಿದು. ಎಷ್ಟು ಹಳಿ, ಎಷ್ಟು ಕ್ರೇನ್, ಪೇರಿಸಲು ಎಷ್ಟು ಜಾಗ ಬೇಕೆಂಬುದು ಇದರಿಂದ ತಿಳಿಯುತ್ತದೆ. ಹಾಕಿದ ಹಳಿಯನ್ನು ಕಿತ್ತು ಜರುಗಿಸುವುದು ಬಲು ದುಬಾರಿ. ತಪ್ಪುಗಳು ಪರದೆಯ ಮೇಲೆ ಸಿಕ್ಕಿಬಿದ್ದರೆ ತಿದ್ದುವುದು ಸುಲಭ.

ದೊಡ್ಡ ಹಡಗು ಒಂದೇ ಸಲಕ್ಕೆ ಸಾವಿರಾರು ಕಂಟೇನರ್ ಇಳಿಸಬಲ್ಲದು. ಭಾರತದಲ್ಲಿ ಸಾಮಾನ್ಯವಾದ 45 ವ್ಯಾಗನ್‌ಗಳ ರೇಕ್ ಒಯ್ಯುವುದು 20 ಅಡಿಯ 90 ಕಂಟೇನರ್‌ಗಳನ್ನು ಮಾತ್ರ. ಈ ಅಂತರವನ್ನು ಅಂಗಳವೇ ತುಂಬಿಕೊಳ್ಳಬೇಕು.

ಸರಾಸರಿ ನಂಬಿದರೆ ಮೋಸಹೋಗುವುದು ಇಲ್ಲಿಯೇ. ಒಂದು ರೇಕ್ ಖಾಲಿಮಾಡಿ ತುಂಬಲು 6 ಗಂಟೆ ಬೇಕು ಎನ್ನೋಣ. ಒಂದು ಹಳಿಗೆ ದಿನಕ್ಕೆ 4 ರೇಕ್. ಕಾಗದದ ಮೇಲೆ ಲೆಕ್ಕ ಸರಿ. ಆದರೆ ರೈಲು ಗಡಿಯಾರ ನೋಡಿ ಬರುವುದಿಲ್ಲ, ಕೆಲಸವೂ ಪ್ರತಿಸಲ ಒಂದೇ ಹೊತ್ತಿಗೆ ಮುಗಿಯುವುದಿಲ್ಲ. ಬರುವ ಹೊತ್ತು, ಕೆಲಸದ ಹೊತ್ತು ಎರಡೂ ಪೂರ್ಣ ಅನಿಶ್ಚಿತವೆಂದು ಹಿಡಿಯುವ ಸರತಿ ಸಿದ್ಧಾಂತದ ಸರಳ ಸೂತ್ರದಂತೆ, ಹಳಿ ಶೇ. 50ರಷ್ಟು ಹೊತ್ತು ದುಡಿದರೆ ಸರಾಸರಿ ಕಾಯುವಿಕೆ 6 ಗಂಟೆ, ಶೇ. 80ಕ್ಕೆ 24 ಗಂಟೆ, ಶೇ. 90ಕ್ಕೆ 54 ಗಂಟೆ. ದಿನಕ್ಕೆ ನಾಲ್ಕೂ ರೇಕ್ ಬಂದರೆ ಸರತಿ ಬೆಳೆಯುತ್ತಲೇ ಹೋಗುತ್ತದೆ. ಬಿಡುವಾಗಿ ನಿಂತ ಹಳಿಯನ್ನು ದಂಡವೆಂದು ಬಗೆಯುವವರು ಈ ಅಂಕಿಗಳನ್ನು ನಿಧಾನವಾಗಿ ಓದಬೇಕು.

ನಿಜವಾದ ಅಂಗಳ ಇಷ್ಟು ಸರಳವಲ್ಲ. ಗ್ಯಾಂಟ್ರಿ ಕ್ರೇನ್, ರೀಚ್ ಸ್ಟ್ಯಾಕರ್, ಟ್ರೇಲರ್, ಶಂಟಿಂಗ್ ಇಂಜಿನ್ ಒಂದನ್ನೊಂದು ಕಾಯುತ್ತವೆ. ಬೇಕಾದ ಕಂಟೇನರ್ ಮೂರರ ಕೆಳಗೆ ಸಿಕ್ಕಿಕೊಂಡಿರುತ್ತದೆ. ಇಂಥದ್ದಕ್ಕೆ ಸೂತ್ರ ಸಾಲದು. ಘಟನೆಯಿಂದ ಘಟನೆಗೆ ಗಡಿಯಾರ ಹಾರಿಸುತ್ತ, ರೈಲು ಬಂತು, ಕ್ರೇನ್ ಬಿಡುವಾಯಿತು ಎಂದು ಒಂದೊಂದನ್ನೂ ಆಡಿಸುವ ಮಾದರಿ ಬೇಕು. ನಾರ್ವೆಯಲ್ಲಿ 1960ರ ದಶಕದಲ್ಲಿ ಓಲೆ-ಯೋಹಾನ್ ಡಾಲ್ ಮತ್ತು ಕ್ರಿಸ್ಟನ್ ನೈಗಾರ್ಡ್ ರೂಪಿಸಿದ ಸಿಮ್ಯುಲಾ ಭಾಷೆ ಹುಟ್ಟಿದ್ದು ಇಂಥ ಕೆಲಸಕ್ಕಾಗಿಯೇ. ಬೇರೆ ಬೇರೆ ಯಾದೃಚ್ಛಿಕ ಸಂಖ್ಯೆಗಳೊಡನೆ ಹಲವು ಸಲ ಓಡಿಸಿ, ಸರಾಸರಿಯ ಜೊತೆಗೆ ಕೆಟ್ಟ ದಿನಗಳನ್ನೂ ನೋಡುತ್ತಾರೆ.

ಮಾದರಿಯ ಬೆಲೆ ಅದಕ್ಕೆ ಉಣಿಸಿದ ಮಾಹಿತಿಯಷ್ಟೇ. ಪಾಳಿ ಬದಲಾಗುವ ಹೊತ್ತು, ಕಸ್ಟಮ್ಸ್ ತಪಾಸಣೆ, ಮಳೆಗಾಲದ ವಿಳಂಬ ಬಿಟ್ಟುಹೋದರೆ ಫಲಿತಾಂಶ ಅಂದವಾಗಿರುತ್ತದೆ, ಸುಳ್ಳಾಗಿರುತ್ತದೆ. ಬೆಂಗಳೂರಿನ ವೈಟ್‌ಫೀಲ್ಡ್ ಡಿಪೊದಿಂದ ಚೆನ್ನೈ ಬಂದರಿಗೆ ಹೋಗುವ ರೇಕ್ ದಾರಿಯಲ್ಲಿ ಪ್ರಯಾಣಿಕರ ರೈಲುಗಳಿಗೆ ಜಾಗ ಬಿಡಬೇಕಾಗುತ್ತದೆ. ಆ ತಡವೂ ಲೆಕ್ಕಕ್ಕೆ ಬರಬೇಕು. ಕ್ರೇನ್ ನಡೆಸುವವರನ್ನು ಕೇಳದೆ ಮಾಡಿದ ಮಾದರಿಯನ್ನು ನಂಬಬಾರದು.

ಮುಂಬಯಿ ಬಳಿ 1989ರಲ್ಲಿ ಆರಂಭವಾದ ಜವಾಹರಲಾಲ್ ನೆಹರು ಬಂದರಿನಲ್ಲಿ ಹಲವು ಟರ್ಮಿನಲ್‌ಗಳಿವೆ. ಒಂದೇ ರೇಕ್‌ನಲ್ಲಿ ಬೇರೆ ಬೇರೆ ಟರ್ಮಿನಲ್‌ಗಳ ಕಂಟೇನರ್ ಬಂದರೆ, ರೇಕನ್ನೇ ಅಂಗಳದಿಂದ ಅಂಗಳಕ್ಕೆ ಎಳೆಯುವುದೋ, ಒಂದೆಡೆ ಇಳಿಸಿ ಟ್ರೇಲರ್‌ಗಳಲ್ಲಿ ಹಂಚುವುದೋ? ಉತ್ತರ ಮಿಶ್ರಣದ ಪ್ರಮಾಣದೊಂದಿಗೆ ಬದಲಾಗುತ್ತದೆ. ಯಾವ ಪ್ರಮಾಣದಲ್ಲಿ ಬದಲಾಗುತ್ತದೆಂದು ಹುಡುಕಲು ಸಿಮ್ಯುಲೇಶನ್ ಹೇಳಿಮಾಡಿಸಿದ ಸಾಧನ.