ಉಯಿಲಿನಲ್ಲಿ ಉಳಿದ ವಂಶ: ವಸಾಹತು ಅಮೆರಿಕದ ದಾಯಪತ್ರಗಳು ಮತ್ತು ವಾಷಿಂಗ್ಟನ್ ಮನೆತನ

ವಂಶಾವಳಿಯನ್ನು ಬರೆಯುವವನ ಉದ್ದೇಶ ಬೇರೆ, ಉಯಿಲನ್ನು ಬರೆಸುವವನ ಉದ್ದೇಶ ಬೇರೆ. ಮೊದಲನೆಯವನಿಗೆ ಕುಲದ ಕೀರ್ತಿ ಉಳಿಯಬೇಕು. ಎರಡನೆಯವನಿಗೆ ಹೊಲ, ಮನೆ, ದನಕರು, ಹಣ ಯಾರ ಕೈಸೇರಬೇಕೆಂಬುದು ನಿಶ್ಚಯವಾಗಬೇಕು. ಕೀರ್ತಿಗಾಗಿ ಬರೆದ ವಂಶಾವಳಿಯಲ್ಲಿ ಕಲ್ಪನೆ ಸುಲಭವಾಗಿ ನುಸುಳುತ್ತದೆ. ಆಸ್ತಿಗಾಗಿ ಬರೆದ ಪತ್ರದಲ್ಲಿ ಅದಕ್ಕೆ ಅಷ್ಟು ಎಡೆಯಿಲ್ಲ; ಇಲ್ಲದ ಮಗನನ್ನು ಅಲ್ಲಿ ಸೃಷ್ಟಿಸಿದರೆ ಇರುವ ಮಗ ನ್ಯಾಯಾಲಯಕ್ಕೆ ಹೋಗುತ್ತಾನೆ. ಕನ್ನಡದ ‘ದಾಯಾದಿ’ ಎಂಬ ಮಾತೇ ಇದಕ್ಕೆ ಸಾಕ್ಷಿ. ಮೂಲದಲ್ಲಿ ದಾಯವನ್ನು, ಅಂದರೆ ಪಿತ್ರಾರ್ಜಿತದ ಪಾಲನ್ನು ಪಡೆಯುವವನನ್ನು ಸೂಚಿಸುವ ಪದವು ಕನ್ನಡದಲ್ಲಿ ರಕ್ತಸಂಬಂಧಿಯ ಹೆಸರಾಗಿ ನಿಂತಿದೆ. ಸಂಬಂಧವು ಪಾಲಿನ ಮೂಲಕ ಗೊತ್ತಾಗುತ್ತದೆ ಎಂಬ ಈ ತಿಳಿವಳಿಕೆಯೇ ವಸಾಹತು ಕಾಲದ ಅಮೆರಿಕದ ಮನೆತನಗಳ ಮೂಲವನ್ನು ಹುಡುಕುವ ಸಂಶೋಧಕರ ಮುಖ್ಯ ಆಧಾರವಾಗಿದೆ.

ಹದಿನೇಳನೆಯ ಶತಮಾನದಲ್ಲಿ ಇಂಗ್ಲೆಂಡಿನಿಂದ ಅಟ್ಲಾಂಟಿಕ್ ದಾಟಿದವರಲ್ಲಿ ಬಹುತೇಕರು ತಮ್ಮ ಊರು, ತಂದೆತಾಯಿಗಳ ವಿವರವನ್ನು ಬರೆದಿಡಲಿಲ್ಲ. ಚರ್ಚುಗಳ ಜನನ-ಮರಣ ದಾಖಲೆಗಳು ಹಲವೆಡೆ ಅಪೂರ್ಣವಾಗಿದ್ದವು. ಆದರೆ ಒಬ್ಬನು ಸತ್ತಾಗ ಅವನ ಆಸ್ತಿಯ ವಿಲೇವಾರಿ ಮಾತ್ರ ನ್ಯಾಯಾಲಯದ ಮುಂದೆ ಬರಲೇಬೇಕಾಗಿತ್ತು. ಉಯಿಲನ್ನು ಸಾಕ್ಷಿಗಳ ಪ್ರಮಾಣದೊಡನೆ ಸ್ಥಿರಪಡಿಸುವುದು, ಅದನ್ನು ಜಾರಿಗೆ ತರುವವರನ್ನು ಒಪ್ಪಿಸುವುದು, ನೆರೆಯವರಿಂದ ಆಸ್ತಿಪಟ್ಟಿ ಮಾಡಿಸಿ ಬೆಲೆ ಕಟ್ಟಿಸುವುದು, ತಂದೆಯಿಲ್ಲದ ಮಕ್ಕಳಿಗೆ ಪಾಲಕರನ್ನು ನೇಮಿಸುವುದು, ಇವೆಲ್ಲ ವರ್ಜೀನಿಯದಲ್ಲಿ ಕೌಂಟಿ ನ್ಯಾಯಾಲಯದ ಕೆಲಸಗಳು. ಉಯಿಲಿಲ್ಲದೆ ಸತ್ತವನ ಆಸ್ತಿಗೂ ಆಡಳಿತಪತ್ರ ಬೇಕಾಗಿತ್ತು. ಹೀಗೆ ಒಂದು ಸಾವಿನ ಸುತ್ತ ಹಲವು ಕಾಗದಗಳು ಹುಟ್ಟುತ್ತಿದ್ದವು.

ಈ ಕಾಗದಗಳನ್ನು ಓದುವವರು ಆ ಕಾಲದ ದಾಯಕ್ರಮವನ್ನು ಅರಿತಿರಬೇಕು. ವರ್ಜೀನಿಯದಲ್ಲಿ ಉಯಿಲಿಲ್ಲದೆ ಸತ್ತವನ ಭೂಮಿಯೆಲ್ಲ ಹಿರಿಯ ಮಗನಿಗೆ ಸೇರುತ್ತಿತ್ತು. ಹೀಗಾಗಿ ಉಯಿಲಿನಲ್ಲಿ ಹಿರಿಯ ಮಗನ ಹೆಸರು ಕಾಣದಿದ್ದರೆ ಅವನು ಸತ್ತಿದ್ದನೆಂದಾಗಲಿ, ತಿರಸ್ಕೃತನಾಗಿದ್ದನೆಂದಾಗಲಿ ತೀರ್ಮಾನಿಸುವಂತಿಲ್ಲ; ಅವನ ಪಾಲು ಕಾನೂನಿನಿಂದಲೇ ಅಥವಾ ಮೊದಲೇ ಕೊಟ್ಟ ದಾನದಿಂದ ಭದ್ರವಾಗಿರಬಹುದು. ಮ್ಯಾಸಚೂಸೆಟ್ಸ್‌ನ ಪದ್ಧತಿ ಬೇರೆ. ಅಲ್ಲಿನ ಪ್ಯೂರಿಟನ್ನರು ಬೈಬಲಿನ ಧರ್ಮೋಪದೇಶಕಾಂಡವನ್ನು ಅನುಸರಿಸಿ, 1641ರ ಶಾಸನದಲ್ಲಿ ಹಿರಿಯ ಮಗನಿಗೆ ಇಮ್ಮಡಿ ಪಾಲನ್ನೂ ಉಳಿದವರಿಗೂ ಪಾಲನ್ನೂ ವಿಧಿಸಿದರು. ವಿಧವೆಗೆ ಗಂಡನ ಭೂಮಿಯಲ್ಲಿ ಮೂರನೆಯ ಒಂದು ಭಾಗದ ಅನುಭೋಗ ಜೀವಿತಾವಧಿಗೆ ದೊರೆಯುತ್ತಿತ್ತು. ಆ ಭೂಮಿಯನ್ನು ಶಾಶ್ವತವಾಗಿ ಮಾರುವ, ಉಯಿಲಿನಲ್ಲಿ ಬೇರೆಯವರಿಗೆ ಬಿಡುವ ಹಕ್ಕು ಅವಳಿಗಿರಲಿಲ್ಲ. ವರ್ಜೀನಿಯದ ಜ್ಯೇಷ್ಠಾಧಿಕಾರವು 1785ರ ಕಾಯಿದೆಯಿಂದ ಕೊನೆಗೊಂಡಿತು.

ಭಾಷೆಯೂ ಓದುಗನನ್ನು ಮೋಸಗೊಳಿಸಬಲ್ಲದು. ಆ ಕಾಲದ ಇಂಗ್ಲಿಷಿನಲ್ಲಿ ‘ಕಸಿನ್’ ಎಂದರೆ ಅಣ್ಣತಮ್ಮಂದಿರ ಮಕ್ಕಳೂ ಆಗಬಹುದು, ದೂರದ ಬಂಧುವೂ ಆಗಬಹುದು. ‘ಡಾಟರ್-ಇನ್-ಲಾ’ ಎಂಬುದು ಸೊಸೆಯನ್ನಷ್ಟೇ ಅಲ್ಲ, ಮಲಮಗಳನ್ನೂ ಹೇಳುತ್ತಿತ್ತು. ‘ಜೂನಿಯರ್’ ಎಂದರೆ ಮಗನೇ ಆಗಬೇಕಿಲ್ಲ. ಒಂದೇ ಹೆಸರಿನ ಇಬ್ಬರಲ್ಲಿ ಕಿರಿಯನಾದರೆ ಸಾಕು. ಇಂಗ್ಲೆಂಡ್ ಮತ್ತು ಅದರ ವಸಾಹತುಗಳಲ್ಲಿ 1752ರ ಸುಧಾರಣೆಯವರೆಗೆ ಹೊಸ ವರ್ಷವು ಮಾರ್ಚ್ 25ರಂದು ಆರಂಭವಾಗುತ್ತಿದ್ದುದರಿಂದ, ದಾಖಲೆಯಲ್ಲಿ 1649ರ ಜನವರಿ ಎಂದಿದ್ದರೆ ಅದು ಈಗಿನ ಗಣನೆಯಲ್ಲಿ 1650ರ ಜನವರಿ. ಇವುಗಳಲ್ಲಿ ಒಂದನ್ನು ಮರೆತರೂ ತಂದೆ ಅಣ್ಣನಾಗುತ್ತಾನೆ, ಮಲಮಗಳು ಸೊಸೆಯಾಗುತ್ತಾಳೆ. ಜಾರ್ಜ್ ವಾಷಿಂಗ್ಟನ್ನನ ವಂಶಮೂಲದ ಶೋಧ ಇದಕ್ಕೆ ಒಳ್ಳೆಯ ನಿದರ್ಶನ.

1791ರಲ್ಲಿ ಇಂಗ್ಲೆಂಡಿನ ವಂಶಲಾಂಛನ ಇಲಾಖೆಯ ಮುಖ್ಯಾಧಿಕಾರಿ ಸರ್ ಐಸಾಕ್ ಹರ್ಡ್ ಅಮೆರಿಕದ ಅಧ್ಯಕ್ಷನಾಗಿದ್ದ ವಾಷಿಂಗ್ಟನ್ನನಿಗೆ ಪತ್ರ ಬರೆದು ಅವನ ಪೂರ್ವಜರ ವಿವರ ಕೇಳಿದನು. 1792ರ ಉತ್ತರದಲ್ಲಿ ವಾಷಿಂಗ್ಟನ್, ಈ ವಿಷಯಕ್ಕೆ ತಾನು ಹೆಚ್ಚು ಗಮನ ಕೊಟ್ಟಿಲ್ಲವೆಂದು ತಿಳಿಸಿ, 1657ರ ಸುಮಾರಿಗೆ ಜಾನ್ ಮತ್ತು ಲಾರೆನ್ಸ್ ಎಂಬ ಸಹೋದರರು ಇಂಗ್ಲೆಂಡಿನ ಉತ್ತರಭಾಗದಿಂದ ವರ್ಜೀನಿಯಕ್ಕೆ ಬಂದರೆಂದು ಮನೆಯಲ್ಲಿ ಕೇಳಿ ತಿಳಿದುದನ್ನು ಬರೆದನು. ಜಾನ್ ಅವನ ಮುತ್ತಜ್ಜ. ಹರ್ಡ್ ನಾರ್ಥಾಂಪ್ಟನ್‌ಶೈರಿನ ಸಲ್‌ಗ್ರೇವ್ ಗ್ರಾಮದ ವಾಷಿಂಗ್ಟನ್ ಮನೆತನದಲ್ಲಿ ಜಾನ್ ಮತ್ತು ಲಾರೆನ್ಸ್ ಎಂಬ ಸಹೋದರರನ್ನು ಕಂಡು, ವಲಸೆ ಬಂದವರು ಇವರೇ ಎಂದು ಗುರುತಿಸಿದನು. ಹೆಸರುಗಳ ಹೊಂದಿಕೆಯಷ್ಟೇ ಅದರ ಆಧಾರ. ಆದರೂ ಮುಂದಿನ ಇತಿಹಾಸಕಾರರು ಅದನ್ನೇ ಅನುಸರಿಸಿದರು.

ಲಂಡನ್ನಿನಲ್ಲಿ ನೆಲೆಸಿದ್ದ ಅಮೆರಿಕದ ವಂಶಶಾಸ್ತ್ರಜ್ಞ ಜೋಸೆಫ್ ಲೆಮ್ಯುಯೆಲ್ ಚೆಸ್ಟರ್ 1866ರಲ್ಲಿ ಈ ವಾದವನ್ನು ಮುರಿದನು. ಸಲ್‌ಗ್ರೇವ್ ಸಹೋದರರಲ್ಲಿ ಜಾನ್ ‘ಸರ್’ ಬಿರುದು ಪಡೆದ ನೈಟ್, ಲಾರೆನ್ಸ್ ಪಾದ್ರಿ. ವರ್ಜೀನಿಯದ ಸಹೋದರರಿಗೆ ಆ ಬಿರುದೂ ಇಲ್ಲ, ಆ ವೃತ್ತಿಯೂ ಇಲ್ಲ. ತಪ್ಪು ಗೊತ್ತಾಯಿತು, ಸರಿಯಾದುದು ಗೊತ್ತಾಗಲು ಇನ್ನೂ ಎರಡು ದಶಕಗಳು ಬೇಕಾದವು. ನ್ಯೂ ಇಂಗ್ಲೆಂಡಿನ ವಂಶೇತಿಹಾಸ ಸಂಘದ ಪರವಾಗಿ ಇಂಗ್ಲೆಂಡಿನ ಉಯಿಲುಗಳನ್ನು ಶೋಧಿಸುತ್ತಿದ್ದ ಹೆನ್ರಿ ಫಿಟ್ಜ್‌ಗಿಲ್ಬರ್ಟ್ ವಾಟರ್ಸ್ 1889ರಲ್ಲಿ ತನ್ನ ಶೋಧವನ್ನು ಪ್ರಕಟಿಸಿದನು.

ವಾಟರ್ಸ್‌ಗೆ ದಾರಿ ತೋರಿದ್ದು ಹರ್ಟ್‌ಫರ್ಡ್‌ಶೈರಿನ ಟ್ರಿಂಗ್ ಊರಿನ ಆಂಡ್ರೂ ನೋಲಿಂಗ್ ಎಂಬವನ ಉಯಿಲು. ಅದರ ಕಾಲ 1650ರ ಜನವರಿ. ನೋಲಿಂಗ್ ತನ್ನ ‘ಡಾಟರ್-ಇನ್-ಲಾ’ ಆಂಫಿಲಿಸ್ ವಾಷಿಂಗ್ಟನ್ನಳಿಗೆ ಹಣವನ್ನೂ, ದೀಕ್ಷಾಸ್ನಾನದಲ್ಲಿ ತಾನು ಹೊಣೆ ಹೊತ್ತಿದ್ದ ಕಿರಿಯ ಲಾರೆನ್ಸ್ ವಾಷಿಂಗ್ಟನ್ನನಿಗೆ ಟ್ರಿಂಗ್‌ನ ಭೂಮಿಯನ್ನೂ ಬಿಟ್ಟನು. ಆಂಫಿಲಿಸಳ ಉಳಿದ ಮಕ್ಕಳಾದ ಜಾನ್, ವಿಲಿಯಂ, ಎಲಿಜಬೆತ್, ಮಾರ್ಗರೆಟ್, ಮಾರ್ಥಾ ಇವರಿಗೂ ಪಾಲು ಬರೆದನು. ಇಲ್ಲಿ ‘ಡಾಟರ್-ಇನ್-ಲಾ’ ಎಂದರೆ ಸೊಸೆಯೆಂದು ಓದಿದರೆ ಶೋಧ ದಾರಿ ತಪ್ಪುತ್ತದೆ. ಆಂಫಿಲಿಸ್ ಅವನ ಮಲಮಗಳು. ಅವಳ ಗಂಡನೇ ಸಲ್‌ಗ್ರೇವ್ ಮನೆತನದ ಪಾದ್ರಿ ಲಾರೆನ್ಸ್. ಆಕ್ಸ್‌ಫರ್ಡಿನ ಬ್ರೇಸ್‌ನೋಸ್ ಕಾಲೇಜಿನ ಫೆಲೋ ಆಗಿದ್ದು, ಎಸೆಕ್ಸ್‌ನ ಪರ್ಲೀ ಚರ್ಚಿನ ಪಾದ್ರಿಯಾಗಿದ್ದ ಇವನನ್ನು ಅಂತರ್ಯುದ್ಧದ ಕಾಲದಲ್ಲಿ, 1643ರಲ್ಲಿ, ಪಾರ್ಲಿಮೆಂಟಿನ ಪಕ್ಷದವರು ಪದಚ್ಯುತಗೊಳಿಸಿದ್ದರು. ಕುಟುಂಬವು ಆಸ್ತಿ ಕಳೆದುಕೊಂಡು ಚದುರಿತು. ಆಂಫಿಲಿಸ್ ತೀರಿಕೊಂಡ ಮೇಲೆ ಅವಳ ಆಸ್ತಿಯ ಆಡಳಿತಪತ್ರ 1656ರಲ್ಲಿ ಮಗ ಜಾನ್‌ನ ಹೆಸರಿಗೆ ದೊರೆಯಿತು. ಜಾನ್ ವರ್ಜೀನಿಯವನ್ನು ಮುಟ್ಟಿದ ಕಾಲವೂ ಅದರ ಬೆನ್ನಿಗೇ ಬರುತ್ತದೆ.

ಸಾಗರದ ಆಚೆಯ ದಾಖಲೆಗಳು ಇದಕ್ಕೆ ಹೊಂದಬೇಕಾಗಿತ್ತು, ಹೊಂದಿದವು. ವರ್ಜೀನಿಯದ ಇಬ್ಬರು ಸಹೋದರರೂ 1675ರಲ್ಲಿ ಉಯಿಲು ಬರೆಸಿದರು. ಲಾರೆನ್ಸ್ ತನ್ನ ಮಗಳು ಮೇರಿಗೆ ಇಂಗ್ಲೆಂಡಿನಲ್ಲಿದ್ದ ಆಸ್ತಿಯನ್ನೆಲ್ಲ ಬಿಟ್ಟನು. ಜಾನ್ ತನ್ನ ತಂಗಿ ಮಾರ್ಥಾಳಿಗೆ ಇಂಗ್ಲೆಂಡಿನಲ್ಲಿದ್ದ ತನ್ನ ಹಣದಲ್ಲಿ ಒಂದು ಪಾಲನ್ನು ಕೊಟ್ಟು, ಅವಳು ವರ್ಜೀನಿಯಕ್ಕೆ ಬರುವ ಪ್ರಯಾಣದ ವೆಚ್ಚವನ್ನೂ ವಹಿಸಿದನು. ಆ ಮಾರ್ಥಾ ಮುಂದೆ ಹೇವರ್ಡ್ ಎಂಬ ಹೆಸರಿನಲ್ಲಿ 1697ರಲ್ಲಿ ಸ್ಟಾಫರ್ಡ್ ಕೌಂಟಿಯಲ್ಲಿ ತನ್ನದೇ ಉಯಿಲು ಬರೆಸಿದಳು. ಅದರಲ್ಲಿ ಇಂಗ್ಲೆಂಡಿನಲ್ಲಿದ್ದ ಅಕ್ಕಂದಿರಾದ ಎಲಿಜಬೆತ್ ರಂಬೋಲ್ಡ್ ಮತ್ತು ಮಾರ್ಗರೆಟ್ ಟ್ಯಾಲ್ಬಟ್ ಇವರನ್ನು ನೆನೆದಳು. ಎಲಿಜಬೆತ್, ಮಾರ್ಗರೆಟ್, ಮಾರ್ಥಾ: ಟ್ರಿಂಗ್‌ನ ಮುದುಕನೊಬ್ಬನು ಬರೆಸಿದ ಮೂರು ಹೆಸರುಗಳು ನಲವತ್ತೇಳು ವರ್ಷಗಳ ಅನಂತರ, ಸಾಗರದಾಚೆ, ಅದೇ ಮೂವರು ಅಕ್ಕತಂಗಿಯರಾಗಿ ಮತ್ತೆ ಕಾಣಿಸಿಕೊಂಡವು.

ಇಲ್ಲಿ ಎರಡು ಅಂಶಗಳು ಗಮನಾರ್ಹ. ಹರ್ಡ್ ಮನೆತನವನ್ನು ಸರಿಯಾಗಿ ಊಹಿಸಿದ್ದನು, ತಲೆಮಾರನ್ನು ತಪ್ಪಿದ್ದನು. ಅವನು ವಲಸೆಗಾರನೆಂದು ತಿಳಿದ ಲಾರೆನ್ಸ್ ನಿಜವಾಗಿ ವಲಸೆಗಾರರ ತಂದೆ. ಎರಡನೆಯದಾಗಿ, ಸಂಬಂಧವನ್ನು ಬಿಚ್ಚಿಟ್ಟದ್ದು ತಂದೆಯ ಉಯಿಲಲ್ಲ, ತಾಯಿಯ ಮಲತಂದೆಯ ಉಯಿಲು. ಅದನ್ನು ಗಟ್ಟಿಗೊಳಿಸಿದ್ದು ಒಬ್ಬ ಹೆಣ್ಣುಮಗಳ ಉಯಿಲು. ಗಂಡುವಂಶವನ್ನಷ್ಟೇ ಹಿಡಿದು ಹೋದವರಿಗೆ ಸಿಗದ ಉತ್ತರ ಹೆಣ್ಣುಮಕ್ಕಳ ಕಡೆಯಿಂದ ಸಿಕ್ಕಿತು. ಗಂಡುಮಕ್ಕಳು ಒಂದೇ ಹೆಸರನ್ನು ತಲೆಮಾರು ತಲೆಮಾರಿಗೆ ಹೊತ್ತು ಗೊಂದಲ ಹುಟ್ಟಿಸಿದರೆ, ಮದುವೆಯಿಂದ ಮನೆಯ ಹೆಸರು ಬದಲಾದ ಹೆಣ್ಣುಮಕ್ಕಳೇ ಆ ಗೊಂದಲವನ್ನು ಬಿಡಿಸಿದರು.

ಇಷ್ಟಕ್ಕೆ ನಿಂತರೆ ಇದು ಒಂದು ಪ್ರಸಿದ್ಧ ಮನೆತನದ ಯಶಸ್ವೀ ಶೋಧದ ಕಥೆ. ಆದರೆ ಅದೇ ಮನೆತನದ ಮುಂದಿನ ದಾಯಪತ್ರಗಳು ಇನ್ನೊಂದು ಸಂಗತಿಯನ್ನೂ ಹೇಳುತ್ತವೆ. 1743ರಲ್ಲಿ ಅಗಸ್ಟೀನ್ ವಾಷಿಂಗ್ಟನ್ ತೀರಿಕೊಂಡಾಗ ಅವನ ಹನ್ನೊಂದು ವರ್ಷದ ಮಗ ಜಾರ್ಜ್ ತಂದೆಯ ಉಯಿಲಿನಿಂದ ರಾಪಹ್ಯಾನಕ್ ನದಿಯ ದಡದ ಜಮೀನನ್ನೂ 10 ಮಂದಿ ಗುಲಾಮರನ್ನೂ ಪಡೆದನು. ವರ್ಜೀನಿಯದ 1662ರ ಕಾಯಿದೆಯಂತೆ ಮಗುವಿನ ಸ್ಥಿತಿ ತಾಯಿಯ ಸ್ಥಿತಿಯನ್ನು ಅನುಸರಿಸುತ್ತಿತ್ತು. 1705ರ ಕಾಯಿದೆ ಗುಲಾಮರನ್ನು ಭೂಮಿಯಂತೆಯೇ ಸ್ಥಿರಾಸ್ತಿಯೆಂದು ಘೋಷಿಸಿತ್ತು. ಆದುದರಿಂದ ಅವರು ಉಯಿಲಿನಲ್ಲಿ ಬಂಧುಗಳ ಸಾಲಿನಲ್ಲಿ ಬರುವುದಿಲ್ಲ, ಹೊಲ ಮತ್ತು ದನಕರುಗಳ ಸಾಲಿನಲ್ಲಿ ಬರುತ್ತಾರೆ.

1757ರಲ್ಲಿ ಡೇನಿಯಲ್ ಪಾರ್ಕ್ ಕಸ್ಟಿಸ್ ಎಂಬ ಶ್ರೀಮಂತನು ಉಯಿಲು ಬರೆಸದೆ ತೀರಿಕೊಂಡನು. ಅವನ ಆಸ್ತಿಯಲ್ಲಿ ಮೂರನೆಯ ಒಂದು ಭಾಗ, ಗುಲಾಮರೂ ಸೇರಿ, ವಿಧವೆ ಮಾರ್ಥಾಳಿಗೆ ಜೀವಿತಾವಧಿಯ ಪಾಲಾಗಿ ಬಂದಿತು. 1759ರಲ್ಲಿ ಅವಳು ಜಾರ್ಜ್ ವಾಷಿಂಗ್ಟನ್ನನನ್ನು ಮದುವೆಯಾದಳು. ನಲವತ್ತು ವರ್ಷಗಳ ಬಳಿಕ, 1799ರ ಜುಲೈನಲ್ಲಿ, ವಾಷಿಂಗ್ಟನ್ ತನ್ನ ಉಯಿಲನ್ನು ಬರೆದಾಗ ಮೌಂಟ್ ವೆರ್ನನ್ನಿನಲ್ಲಿ 317 ಮಂದಿ ಗುಲಾಮರಿದ್ದರು. ಅವರಲ್ಲಿ 123 ಮಂದಿ ಅವನ ಸ್ವಂತ ಆಸ್ತಿ; 153 ಮಂದಿ ಕಸ್ಟಿಸ್ ಪಾಲಿನವರು; ಉಳಿದವರಲ್ಲಿ ಬಹುತೇಕರು ಬಾಡಿಗೆಗೆ ಪಡೆದವರು. ತನ್ನವರಿಗೆ ಪತ್ನಿಯ ಮರಣಾನಂತರ ಬಿಡುಗಡೆಯಾಗಬೇಕೆಂದೂ, ಮುದುಕರನ್ನು ಪೋಷಿಸಬೇಕೆಂದೂ, ಅನಾಥ ಮಕ್ಕಳಿಗೆ ಓದುಬರಹ ಕಲಿಸಬೇಕೆಂದೂ ಅವನು ವಿಧಿಸಿದನು. ವಿಲಿಯಂ ಲೀ ಎಂಬ ಸೇವಕನಿಗೆ ತಕ್ಷಣದ ಬಿಡುಗಡೆಯನ್ನೂ ವರ್ಷಕ್ಕೆ 30 ಡಾಲರ್ ವರ್ಷಾಶನವನ್ನೂ ಕೊಟ್ಟನು. ಕಸ್ಟಿಸ್ ಪಾಲಿನ 153 ಮಂದಿಯನ್ನು ಬಿಡುಗಡೆ ಮಾಡುವ ಅಧಿಕಾರ ಅವನಿಗೂ ಇರಲಿಲ್ಲ, ಮಾರ್ಥಾಳಿಗೂ ಇರಲಿಲ್ಲ.

ಎರಡು ಗುಂಪಿನವರ ನಡುವೆ ಮದುವೆಗಳಾಗಿದ್ದವು. ಮಾರ್ಥಾ ಗಂಡನ ಗುಲಾಮರನ್ನು 1801ರ ಜನವರಿ 1ರಂದೇ ಬಿಡುಗಡೆ ಮಾಡಿದಳು. ಆದರೆ ಬಿಡುಗಡೆಯಾದ ತಂದೆಯ ಹೆಂಡತಿ ಕಸ್ಟಿಸ್ ಪಾಲಿನವಳಾಗಿದ್ದರೆ ಅವಳೂ ಅವಳ ಮಕ್ಕಳೂ ಗುಲಾಮರಾಗಿಯೇ ಉಳಿದರು. 1802ರಲ್ಲಿ ಮಾರ್ಥಾ ತೀರಿಕೊಂಡ ಮೇಲೆ ಅವರನ್ನು ಅವಳ ನಾಲ್ವರು ಮೊಮ್ಮಕ್ಕಳ ನಡುವೆ ಹಂಚಲಾಯಿತು. ಒಬ್ಬನು ಬರೆದ ಉಯಿಲು ಒಂದು ಗುಂಪನ್ನು ಬಿಡಿಸಿತು. ಇನ್ನೊಬ್ಬನು ನಲವತ್ತೈದು ವರ್ಷಗಳ ಹಿಂದೆ ಬರೆಯದೆ ಹೋದ ಉಯಿಲು ಇನ್ನೊಂದು ಗುಂಪಿನ ಸಂಸಾರಗಳನ್ನು ಒಡೆಯಿತು.

ಆ ಸಂಸಾರಗಳ ಸಂತತಿಯವರು ಇಂದು ತಮ್ಮ ಪೂರ್ವಜರನ್ನು ಹುಡುಕಲು ಹೊರಟರೆ 1870ರ ಜನಗಣತಿಯವರೆಗೆ ಹೋಗಿ ನಿಲ್ಲುತ್ತಾರೆ. ಗುಲಾಮಗಿರಿಯಿಂದ ಹೊರಬಂದವರೆಲ್ಲರ ಹೆಸರನ್ನು ದಾಖಲಿಸಿದ ಮೊದಲ ರಾಷ್ಟ್ರೀಯ ಗಣತಿ ಅದು. ಅದಕ್ಕಿಂತ ಹಿಂದಕ್ಕೆ ಹೋಗಲು ಒಡೆಯರ ಉಯಿಲು ಮತ್ತು ಆಸ್ತಿಪಟ್ಟಿಗಳೇ ಮುಖ್ಯ ದಾರಿ. ತಮ್ಮ ಅಜ್ಜಿಯ ಹೆಸರನ್ನು ಕಾಣಬೇಕಾದರೆ ಅವಳನ್ನು ಆಸ್ತಿಯಾಗಿ ಎಣಿಸಿದವನ ವಂಶಾವಳಿಯನ್ನು ಮೊದಲು ಕಲಿಯಬೇಕು. ವಾಷಿಂಗ್ಟನ್ 1799ರಲ್ಲಿ ಸಿದ್ಧಪಡಿಸಿದ ಪಟ್ಟಿಯಲ್ಲಿ ಗುಲಾಮರ ಕೆಲಸ, ವಯಸ್ಸು, ಗಂಡಹೆಂಡಿರ ಸಂಬಂಧಗಳೂ ಇರುವುದರಿಂದ ಮೌಂಟ್ ವೆರ್ನನ್ನಿನವರಿಗೆ ಒಂದಿಷ್ಟು ಬೆಳಕಿದೆ. ಹೆಚ್ಚಿನ ಪಟ್ಟಿಗಳಲ್ಲಿ ಒಂದು ಹೆಸರು, ಅದರೆದುರು ಒಂದು ಬೆಲೆ, ಅಷ್ಟೇ.

ಇಂತಹ ದಾಖಲೆಗಳೂ ಎಲ್ಲ ಕಡೆ ಉಳಿದಿಲ್ಲ. ಅಂತರ್ಯುದ್ಧದ ಕಾಲದಲ್ಲಿ ಸುರಕ್ಷತೆಗೆಂದು ರಿಚ್ಮಂಡ್ ನಗರಕ್ಕೆ ಸಾಗಿಸಿದ್ದ ಹಲವು ಕೌಂಟಿಗಳ ಪುಸ್ತಕಗಳು 1865ರ ಏಪ್ರಿಲ್ ತಿಂಗಳ ಬೆಂಕಿಯಲ್ಲಿ ಸುಟ್ಟುಹೋದವು. ಮಾರ್ಥಾ ವಾಷಿಂಗ್ಟನ್ನಳ ಉಯಿಲು ಅದೇ ಯುದ್ಧದಲ್ಲಿ ಫೇರ್‌ಫ್ಯಾಕ್ಸ್ ನ್ಯಾಯಾಲಯದಿಂದ ಕಾಣೆಯಾಗಿ, ಧನಿಕ ಜೆ. ಪಿ. ಮಾರ್ಗನ್ನನ ಸಂಗ್ರಹ ಸೇರಿ, ವರ್ಜೀನಿಯ ರಾಜ್ಯವು ಮೊಕದ್ದಮೆ ಹೂಡಿದ ಬಳಿಕ 1915ರಲ್ಲಿ ಹಿಂದಿರುಗಿತು. ಅಧ್ಯಕ್ಷನ ಪತ್ನಿಯ ಉಯಿಲನ್ನು ಮರಳಿ ತರಲು ಒಂದು ರಾಜ್ಯವೇ ನಿಂತಿತು. ಸುಟ್ಟುಹೋದ ಆಸ್ತಿಪಟ್ಟಿಗಳಲ್ಲಿದ್ದ ಹೆಸರುಗಳಿಗೆ ಅಂತಹ ಭಾಗ್ಯವಿಲ್ಲ; ಎಷ್ಟೋ ಮಂದಿಗೆ ಅವು ಬದುಕಿದ್ದುದಕ್ಕೆ ಇದ್ದ ಒಂದೇ ಲಿಖಿತ ಸಾಕ್ಷ್ಯವಾಗಿದ್ದವು.

ಉಯಿಲು ನಂಬಲರ್ಹವಾದ ದಾಖಲೆ ಎಂಬುದು ನಿಜ. ಆದರೆ ಅದು ಹೇಳುವ ಸತ್ಯವು ಹಂಚುವುದಕ್ಕೆ ಏನಾದರೂ ಇದ್ದವರ ಸತ್ಯ. ವಾಟರ್ಸ್ ಓದಿದಂತೆ ದಾಯ ಪಡೆದವರ ಹೆಸರುಗಳನ್ನು ಹಿಡಿದು ಓದಿದರೆ ಒಂದು ವಂಶವೃಕ್ಷ ದೊರೆಯುತ್ತದೆ. ಅದೇ ಪುಟಗಳಲ್ಲಿ ದಾಯವಾಗಿ ಹೋದವರ ಹೆಸರುಗಳನ್ನು ಹಿಡಿದು ಓದಿದರೆ ಇನ್ನೊಂದು ವಂಶವೃಕ್ಷದ ತುಂಡಾದ ಕೊಂಬೆಗಳು ಕಾಣುತ್ತವೆ. ಎರಡನ್ನೂ ಓದಿದಾಗಲೇ ಆ ಕಾಗದದ ಓದು ಪೂರ್ಣವಾಗುತ್ತದೆ.